ಬರೆಯಿಸುವವರು ಬೇಕಾಗಿದ್ದಾರೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ‘ಶಿಕ್ಷಣ ಮತ್ತು ಉದ್ಯೋಗ’ ಗೋಷ್ಠಿಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಗೋಷ್ಠಿಯಲ್ಲಿ ವೈದ್ಯಕೀಯ, ತಾಂತ್ರಿಕ ಶಿಕ್ಷಣ, ಸ್ಪರ್ಧಾತ್ಮಕ ಪರೀಕ್ಷೆ, ಸೈನ್ಯ ಮತ್ತು ಪೊಲೀಸ್ ಸೇವೆಗಳ ಬಗ್ಗೆ ಬಲ್ಲವರು ಮಾತನಾಡಲಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಶಿಕ್ಷಕ ವೃತ್ತಿ. ಆ ವಿಷಯ ಬಹಳ ವಿಶಾಲವಾದುದು. ಆದುದರಿಂದ ಅದರ ಒಂದೇ ಒಂದು ಭಾಗವನ್ನು ಎತ್ತಿಕೊಂಡು ಹೇಳಬೇಕೆಂದಿದ್ದೇನೆ. ಮಕ್ಕಳಿಗೆ ಬರವಣಿಗೆಯನ್ನು ಕಲಿಸುವ ಕೆಲಸ ಮತ್ತು ಒಂದು ಶಾಲೆಯಲ್ಲಿ, ಒಂದು ಪ್ರದೇಶದಲ್ಲಿ ಆ ಕಲಿಕೆಯನ್ನು ಸಂಯೋಜಿಸುವ ಕೆಲಸ: ಇವೆರಡನ್ನೂ ನಮ್ಮ ಊರಿನ ಹುಡುಗ ಹುಡುಗಿಯರು ಜೀವನದ ವೃತ್ತಿಯನ್ನಾಗಿ ಸ್ವೀಕರಿಸಬಹುದೇ? ಸ್ವೀಕರಿಸದಿದ್ದರೆ ಏನಾದೀತು? ಇದು ನನ್ನ ಮಾತಿನ ವಿಷಯ.

ಈ ಶಾಲೆಯ ಮೊದಲ ಹಾಜರಿ ಪುಸ್ತಕವನ್ನು ತೆರೆದಾಗ ನಮ್ಮ ನಾಡು ಜತ್ತ ಸಂಸ್ಥಾನವಾಗಿತ್ತು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ನಾವು ದಕ್ಷಿಣ ಸಾತಾರಾ ಜಿಲ್ಲೆಯವರಾದೆವು. 1960ರಲ್ಲಿ ಮಹಾರಾಷ್ಟ್ರ ರಾಜ್ಯ ಉದಯಿಸಿದ ವರ್ಷವೇ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದಿತು. ಆಡಳಿತದ ಹೆಸರುಗಳು ಹೀಗೆ ಬದಲಾಗುತ್ತಿದ್ದರೂ ಒಂದನೆಯ ಇಯತ್ತೆಗೆ ಬಂದ ಮಗುವಿನ ಕೈ ಹಿಡಿದು ‘ಅ’ ತಿದ್ದಿಸುವ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ನೂರು ವರ್ಷಗಳ ಈ ನಿರಂತರತೆಯೇ ನಮ್ಮ ಶಾಲೆಯ ನಿಜವಾದ ಆಸ್ತಿ. ಗೋಡೆಗಳನ್ನು ಎಷ್ಟೋ ಸಲ ಕೆಡವಿ ಕಟ್ಟಬಹುದು. ಕಲಿಸುವವರ ಸಾಲು ಒಮ್ಮೆ ಕಡಿದರೆ ಮತ್ತೆ ಜೋಡಿಸುವುದು ಕಷ್ಟ.

ಉಮದಿ, ಸಂಖ, ಗುಡ್ಡಾಪುರ, ಬಾಲಗಾಂವದ ಸುತ್ತಿನ ನಮ್ಮ ಮಕ್ಕಳ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡಿ. ಮನೆಯ ಮಾತು ಕನ್ನಡ. ತಲಾಠಿ ಕಚೇರಿಯ ಉತಾರೆ, ತಹಸೀಲ್ದಾರರಿಗೆ ಕೊಡುವ ಅರ್ಜಿ, ಬಸ್ಸಿನ ಹಲಗೆ, ಬ್ಯಾಂಕಿನ ಫಾರ್ಮು ಎಲ್ಲವೂ ಮರಾಠಿ. ಮುಂದಿನ ಓದು ಇಂಗ್ಲಿಷ್. ಐದನೆಯ ಇಯತ್ತೆಗೆ ಬರುವ ಹೊತ್ತಿಗೆ ನಮ್ಮ ಮಗುವಿನ ಕೈ ಕನ್ನಡ, ದೇವನಾಗರಿ, ರೋಮನ್ ಎಂಬ ಮೂರು ಲಿಪಿಗಳನ್ನು ಬರೆಯಬೇಕು. ಪುಣೆಯ ಮಗುವಿಗೂ ಧಾರವಾಡದ ಮಗುವಿಗೂ ಊರಿನ ಮಾತು ಮತ್ತು ಕಚೇರಿಯ ಮಾತು ಒಂದೇ. ನಮ್ಮ ಮಗುವಿಗೆ ಹಾಗಲ್ಲ. ಇದನ್ನು ಹೊರೆ ಎನ್ನುವವರಿದ್ದಾರೆ. ಸರಿಯಾಗಿ ಕಲಿಸುವವರು ಸಿಕ್ಕಿದರೆ ಇದು ಹೊರೆಯಲ್ಲ, ಬಂಡವಾಳ. ಸಿಗದಿದ್ದರೆ ಮಾತ್ರ ಮೂರರಲ್ಲಿ ಒಂದೂ ಕೈಗೆ ಹತ್ತದ ಸ್ಥಿತಿ ಬರುತ್ತದೆ.

ಸರಿಯಾಗಿ ಕಲಿಸುವುದು ಎಂದರೇನು ಎಂಬುದಕ್ಕೆ ಒಂದೆರಡು ಉದಾಹರಣೆ ಕೊಡುತ್ತೇನೆ. ಕನ್ನಡದಲ್ಲಿ ಎ-ಏ, ಒ-ಓ ಬೇರೆ ಬೇರೆ. ‘ಬೆಳೆ’ ಹೊಲದಲ್ಲಿರುತ್ತದೆ, ‘ಬೇಳೆ’ ಗಡಿಗೆಯಲ್ಲಿ ಬೇಯುತ್ತದೆ. ಮರಾಠಿಯ ಬರವಣಿಗೆಯಲ್ಲಿ ಈ ಹ್ರಸ್ವ-ದೀರ್ಘಗಳ ಭೇದವಿಲ್ಲ. ಅಲ್ಲಿ ಎ-ಕಾರಕ್ಕೆ ಒಂದೇ ಮಾತ್ರೆ, ಒ-ಕಾರಕ್ಕೆ ಒಂದೇ ಕಾನಾ-ಮಾತ್ರೆ. ಎರಡೂ ಲಿಪಿಗಳನ್ನು ಜೊತೆಜೊತೆಗೆ ಕಲಿಯುವ ಮಗು ಕನ್ನಡದಲ್ಲಿಯೂ ದೀರ್ಘವನ್ನು ಬಿಟ್ಟು ಬರೆಯುವುದು ಸಹಜ. ಇನ್ನು ಮರಾಠಿಯ ತಾಸಿನಲ್ಲಿ ಇದೇ ಮಗು ಲಿಂಗದಲ್ಲಿ ಎಡವುತ್ತದೆ. ಕನ್ನಡದಲ್ಲಿ ಕಲ್ಲು, ಹೊಳೆ, ಗಿಡ ಮೂರೂ ‘ಅದು’. ಮರಾಠಿಯಲ್ಲಿ ‘ದಗಡ’ ಪುಲ್ಲಿಂಗ, ‘ನದೀ’ ಸ್ತ್ರೀಲಿಂಗ, ‘ಝಾಡ’ ನಪುಂಸಕಲಿಂಗ. ತಾಯ್ನುಡಿಯಲ್ಲಿ ಇಲ್ಲದ ಭೇದವನ್ನು ಮಗು ಹೇಗೆ ಊಹಿಸೀತು? ಎರಡೂ ಭಾಷೆಗಳ ಸ್ವಭಾವವನ್ನು ಬಲ್ಲ ಶಿಕ್ಷಕಿ ಈ ತಪ್ಪು ಎಲ್ಲಿಂದ ಬಂತೆಂದು ಕಂಡು ಎರಡು ನಿಮಿಷದಲ್ಲಿ ತಿಳಿಸಿ ಹೇಳಬಲ್ಲಳು. ಬಲ್ಲದವರು ಕೆಂಪು ಗೆರೆ ಎಳೆದು ‘ನಿನಗೆ ಶುದ್ಧ ಬರೆಯಲು ಬರುವುದಿಲ್ಲ’ ಎನ್ನುತ್ತಾರೆ. ಮಗು ಬರೆಯುವುದನ್ನೇ ಬಿಡುತ್ತದೆ.

ಆಡುಮಾತಿನ ವಿಷಯವೂ ಹೀಗೆಯೇ. ನಮ್ಮ ಮಕ್ಕಳು ‘ಐತಿ’, ‘ಬಂದಾರ’, ‘ಹೊಕ್ಕೇನಿ’ ಎಂದು ಬರೆಯುತ್ತಾರೆ. ಪುಸ್ತಕದಲ್ಲಿ ‘ಇದೆ’, ‘ಬಂದಿದ್ದಾರೆ’, ‘ಹೋಗುತ್ತೇನೆ’ ಎಂದಿರುತ್ತದೆ. ಮನೆಯ ಮಾತು ತಪ್ಪು, ಪುಸ್ತಕದ ಮಾತು ಸರಿ ಎಂದು ಕಲಿಸಿದರೆ ಮಗು ತನ್ನ ತಾಯಿಯ ಬಗ್ಗೆಯೇ ನಾಚಿಕೊಳ್ಳುತ್ತದೆ. ಎರಡೂ ಸರಿ, ಒಂದು ಅಂಗಳದ ಮಾತು, ಒಂದು ಪರವೂರಿಗೆ ಹೋಗುವಾಗಿನ ಮಾತು ಎಂದು ತಿಳಿಸಿದರೆ ಎರಡನ್ನೂ ಅಭಿಮಾನದಿಂದ ಬಳಸುತ್ತದೆ. ಸಂಭಾಷಣೆ ಬರೆಯುವಾಗ ‘ಐತಿ’ ಬರಲಿ, ಮುಖ್ಯಾಧ್ಯಾಪಕರಿಗೆ ರಜೆ ಅರ್ಜಿ ಬರೆಯುವಾಗ ‘ಇದೆ’ ಬರಲಿ. ಯಾವಾಗ ಯಾವುದು ಎಂಬ ವಿವೇಕವೇ ಬರವಣಿಗೆಯ ಶಿಕ್ಷಣ.

ಆದರೆ ಬಹುತೇಕ ಕಡೆಗಳಲ್ಲಿ ಬರವಣಿಗೆ ಎಂದರೆ ದುಂಡಗಿನ ಅಕ್ಷರ ಎಂದು ತಿಳಿಯಲಾಗಿದೆ. ಇಲ್ಲವೇ ಮಾರ್ಗದರ್ಶಿ ಪುಸ್ತಕದ ‘ನಾನು ಮೆಚ್ಚಿದ ಹಬ್ಬ’ವನ್ನು ಬಾಯಿಪಾಠ ಮಾಡಿ ಇಳಿಸುವುದು ಎಂದು. ಮಾಡಗ್ಯಾಳದ ಕುರಿ ಮಹಾರಾಷ್ಟ್ರದಲ್ಲೆಲ್ಲ ಹೆಸರಾದದ್ದು. ಅದರ ಬಾಗಿದ ಮೂಗು, ಎತ್ತರದ ನಿಲುವು, ಬಿಳಿಯ ಮೈಮೇಲಿನ ಕಂದು ಮಚ್ಚೆ ಇವುಗಳನ್ನು ಕುರಿ ಕಾಯುವವರ ಮನೆಯ ಮಗುವಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಮಗುವಿಗೆ ಕುರಿಯ ಬಗ್ಗೆ ಹತ್ತು ಸಾಲು ಬರೆ ಎಂದರೆ ಅದು ಮಾರ್ಗದರ್ಶಿಯನ್ನು ಹುಡುಕುವುದಿಲ್ಲ. ದ್ರಾಕ್ಷಿಯನ್ನು ಒಣಗಿಸಿ ಬೇದಾಣೆ ಮಾಡುವ ಕ್ರಮ, ದಾಳಿಂಬೆಯ ಗಿಡಕ್ಕೆ ಬರುವ ರೋಗ, ಗುಡ್ಡಾಪುರದ ದಾನಮ್ಮನ ಜಾತ್ರೆಯ ಹಾದಿ, ಟ್ಯಾಂಕರ್ ಬರುವ ದಿನದ ಸಾಲು, ದಸರೆ ಮುಗಿದ ಮೇಲೆ ಕಬ್ಬು ಕಡಿಯಲು ಕೃಷ್ಣೆಯ ದಂಡೆಗೆ ಹೊರಡುವ ಬಂಡಿ: ನಮ್ಮ ಮಕ್ಕಳ ಪ್ರಬಂಧದ ವಿಷಯಗಳು ಇವು. ಬರೆಯಿಸುವವರು ಮೊದಲು ಮಗುವಿನ ಬದುಕನ್ನು ನೋಡಬೇಕು; ಆಮೇಲೆ ಮಗು ಹಾಳೆಯನ್ನು ನೋಡುತ್ತದೆ.

ಈ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ದೊಡ್ಡ ಪರಂಪರೆಯಿದೆ. 19ನೆಯ ಶತಮಾನದ ಮಧ್ಯದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿಯೂ ಮರಾಠಿಯದೇ ಪ್ರಾಬಲ್ಯವಿತ್ತು. ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳನ್ನು ತೆರೆಯಿಸಿದರು. ಶಾಲೆ ತೆರೆದರೆ ಸಾಲದು, ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರೂ ಬೇಕೆಂದು ಶಿಕ್ಷಕರ ತರಬೇತಿಗೆ ಶ್ರಮಿಸಿದರು. 1865ರಲ್ಲಿ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಆರಂಭವಾಯಿತು. ಮುಂದೆ ಅದೇ ‘ಜೀವನ ಶಿಕ್ಷಣ’ವಾಯಿತು. ಕಲಿಸುವವರು ಬರೆಯಬೇಕು, ಒಬ್ಬರು ಬರೆದುದನ್ನು ಇನ್ನೊಬ್ಬರು ಓದಬೇಕು ಎಂಬ ವಿಚಾರ ನಮ್ಮಲ್ಲಿ ಅಷ್ಟು ಹಳೆಯದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಚೆನ್ನಬಸಪ್ಪನವರು ಒಬ್ಬ ಸಂಯೋಜಕರು. ಒಂದು ವರ್ಗಕ್ಕೆ ಪಾಠ ಹೇಳಿ ನಿಲ್ಲದೆ ಸಾವಿರಾರು ವರ್ಗಗಳಲ್ಲಿ ಪಾಠ ನಡೆಯುವಂತೆ ವ್ಯವಸ್ಥೆ ಮಾಡಿದವರು.

ಇನ್ನೂ ಹತ್ತಿರದ ಮಾತು. ಗಡಿಯಾಚೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ ಅದು ‘ಗರತಿಯ ಹಾಡು’ ಆಗಿ ಪ್ರಕಟವಾಯಿತು. ಅಕ್ಷರ ಬಾರದ ತಾಯಿಯ ಬಾಯಿಂದ ಬಂದದ್ದನ್ನು ಅಕ್ಷರ ಬಲ್ಲ ಮಗ ಬರೆದುಕೊಂಡರೆ ಸಾಹಿತ್ಯವಾಗುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ನನ್ನ ಅನುಭವದಲ್ಲಿ ಬರವಣಿಗೆಯ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ‘ಅಜ್ಜಿ ಹೇಳಿದ ಒಂದು ಮಾತನ್ನು ಅವಳು ಹೇಳಿದಂತೆಯೇ ಬರೆದುಕೊಂಡು ಬಾ’ ಎಂದರೆ ಸಾಕು. ಮರುದಿನ ಯಾವ ಮಗುವೂ ಖಾಲಿ ವಹಿಯೊಂದಿಗೆ ಬರುವುದಿಲ್ಲ.

ದ. ರಾ. ಬೇಂದ್ರೆಯವರು ವೃತ್ತಿಯಿಂದ ಶಿಕ್ಷಕರು. 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಮಹಾರಾಷ್ಟ್ರದ ನೆಲದಲ್ಲಿ ಕನ್ನಡ ಕಲಿಸುವುದು ಸಣ್ಣ ಕೆಲಸವೆಂದು ಭಾವಿಸುವವರು ಈ ಸಂಗತಿಯನ್ನು ನೆನಪಿಡಬೇಕು. ಮರಾಠಿಯ ಪರಂಪರೆಯಿಂದಲೂ ನಾವು ಕಲಿಯಬೇಕಾದುದಿದೆ. ಸಾನೆ ಗುರೂಜಿಯವರು ಖಾನದೇಶದ ಅಮಳನೇರಿನ ಶಾಲೆಯಲ್ಲಿ ವಸತಿಗೃಹದ ಮಕ್ಕಳಿಗಾಗಿ ‘ಛಾತ್ರಾಲಯ’ ಎಂಬ ಕೈಬರಹದ ಪತ್ರಿಕೆಯನ್ನು ತಾವೇ ಬರೆದು ಓದಲು ಇಡುತ್ತಿದ್ದರು. ಮಹಾರಾಷ್ಟ್ರದ ಎಷ್ಟೋ ಶಾಲೆಗಳಲ್ಲಿ ಇಂದಿಗೂ ‘ಹಸ್ತಲಿಖಿತ’ ಹೊರಡುವುದು ಇಂಥವರ ಪುಣ್ಯದಿಂದ.

ದೂರದ ದೇಶದ ಒಂದು ಮಾತನ್ನೂ ಹೇಳುತ್ತೇನೆ. 1974ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಜೇಮ್ಸ್ ಗ್ರೇ ಎಂಬ ಶಿಕ್ಷಕರು ಬೇಸಿಗೆಯಲ್ಲಿ ಶಾಲಾ ಶಿಕ್ಷಕರನ್ನು ಕೂಡಿಸಿ ಬರವಣಿಗೆಯ ಶಿಬಿರವನ್ನು ಆರಂಭಿಸಿದರು. ಅದು ಬೆಳೆದು ‘ನ್ಯಾಷನಲ್ ರೈಟಿಂಗ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ದೇಶವ್ಯಾಪಿಯಾಯಿತು. ಅದರ ತತ್ತ್ವಗಳು ಎರಡು. ಬರೆಯಲು ಕಲಿಸುವವರು ತಾವೂ ಬರೆಯಬೇಕು. ಶಿಕ್ಷಕರಿಗೆ ಒಳ್ಳೆಯ ಗುರು ಇನ್ನೊಬ್ಬ ಶಿಕ್ಷಕ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಬರವಣಿಗೆಯ ತರಗತಿಗಳನ್ನು ನಿರ್ವಹಿಸಲು ಪ್ರತ್ಯೇಕ ಸಂಯೋಜಕರಿರುತ್ತಾರೆ. ಅದು ಪೂರ್ಣಾವಧಿಯ, ಗೌರವದ ಹುದ್ದೆ. ನಮ್ಮ ದೇಶದ ಕೆಲವು ಹೊಸ ವಿಶ್ವವಿದ್ಯಾಲಯಗಳೂ ಬರವಣಿಗೆ ಕೇಂದ್ರಗಳನ್ನು ತೆರೆದಿವೆ.

ಈ ಸಂಯೋಜನೆ ಏಕೆ ಬೇಕು ಎಂಬುದನ್ನು ಗಣಿತದಿಂದಲೇ ತಿಳಿಯೋಣ. ಒಬ್ಬ ಭಾಷಾ ಶಿಕ್ಷಕಿಗೆ ಐದು ವರ್ಗಗಳು, ವರ್ಗಕ್ಕೆ 40 ಮಕ್ಕಳು ಎಂದು ಹಿಡಿಯಿರಿ. ವಾರಕ್ಕೊಂದು ಪ್ರಬಂಧ ಬರೆಯಿಸಿದರೆ 200 ವಹಿಗಳು. ಒಂದಕ್ಕೆ ಐದು ನಿಮಿಷ ಕೊಟ್ಟರೆ 1000 ನಿಮಿಷ, ಅಂದರೆ 16 ತಾಸು 40 ನಿಮಿಷ. ಪಾಠ, ಶಾಲೆಯ ದಾಖಲೆ, ಮಧ್ಯಾಹ್ನದ ಊಟ, ಆನ್‌ಲೈನ್ ಮಾಹಿತಿ, ಮನೆಯ ಕೆಲಸ ಇವೆಲ್ಲದರ ಮೇಲೆ ಇದು ಅಸಾಧ್ಯ. ಆಗ ಎರಡು ದಾರಿಗಳು ಉಳಿಯುತ್ತವೆ: ಓದದೆ ಸಹಿ ಹಾಕುವುದು, ಇಲ್ಲವೇ ಬರೆಯಿಸದಿರುವುದು. ಶಿಕ್ಷಕರ ಸೋಮಾರಿತನದಿಂದ ಬರವಣಿಗೆ ಹಿಂದೆ ಬಿದ್ದಿದೆ ಎನ್ನುವವರು ಈ ಲೆಕ್ಕವನ್ನು ಮಾಡಿ ನೋಡಬೇಕು.

ಅದೇ ಕೆಲಸವನ್ನು ಯೋಜಿಸಿದರೆ ಬೇರೆಯಾಗುತ್ತದೆ. ಒಂದು ವಾರ ಒಂದೇ ವರ್ಗ ಪೂರ್ಣ ಪ್ರಬಂಧ ಬರೆಯಲಿ. ಉಳಿದ ನಾಲ್ಕು ವರ್ಗಗಳು ಐದಾರು ಸಾಲಿನ ಪರಿಚ್ಛೇದ ಬರೆದು ಜೋಡಿಯಾಗಿ ಓದಿಕೊಳ್ಳಲಿ. ಶಿಕ್ಷಕಿಯ ಮೇಜಿನ ಮೇಲೆ ಆಗ 40 ವಹಿಗಳು ಮಾತ್ರ. ಐದು ದಿನಕ್ಕೆ ಹಂಚಿದರೆ ದಿನಕ್ಕೆ 8 ವಹಿ, 40 ನಿಮಿಷ. ಪ್ರತಿ ಮಗುವಿಗೂ ಐದು ವಾರಕ್ಕೊಮ್ಮೆ ತನ್ನ ಬರಹವನ್ನು ಒಬ್ಬರು ಮನಸಾರೆ ಓದಿದ ಅನುಭವ ಸಿಗುತ್ತದೆ. ವರ್ಷಕ್ಕೆ ಆರೇಳು ಪ್ರಬಂಧಗಳಾಗುತ್ತವೆ. ತಿದ್ದುವಾಗಲೂ ಎಲ್ಲ ತಪ್ಪುಗಳನ್ನು ಒಮ್ಮೆಗೇ ಗುರುತಿಸದೆ ಈ ಸಲ ದೀರ್ಘ, ಮುಂದಿನ ಸಲ ಒತ್ತಕ್ಷರ, ಆಮೇಲೆ ವಾಕ್ಯದ ಮುಕ್ತಾಯ ಎಂದು ಕ್ರಮ ಹಾಕಿಕೊಳ್ಳಬೇಕು. ವಿಜ್ಞಾನದ ಶಿಕ್ಷಕರು ಪ್ರಯೋಗದ ವರದಿಯನ್ನು ಸ್ವಂತ ಮಾತಿನಲ್ಲಿ ಬರೆಯಿಸಬೇಕು, ಮರಾಠಿಯ ಶಿಕ್ಷಕರೂ ಕನ್ನಡದ ಶಿಕ್ಷಕಿಯೂ ಒಂದೇ ವಾರ ಅರ್ಜಿಯ ನಮೂನೆಯನ್ನು ಕಲಿಸಬೇಕು. ಇದೆಲ್ಲವನ್ನೂ ಕೂಡಿಸಿ ನಡೆಸುವವರೇ ಸಂಯೋಜಕರು. ಈ ಹೆಸರಿನ ಹುದ್ದೆ ನಮ್ಮ ಶಾಲೆಗಳಲ್ಲಿ ಇಲ್ಲ. ಆದರೆ ಕೆಲಸವಂತೂ ಇದೆ. ಜಿಲ್ಲಾ ಪರಿಷತ್ ಶಾಲೆಗಳಲ್ಲಿ ಕೇಂದ್ರ ಪ್ರಮುಖರಿದ್ದಾರೆ, ಕೇಂದ್ರ ಮಟ್ಟದ ಶಿಕ್ಷಣ ಪರಿಷತ್ತುಗಳಿವೆ. ಅಲ್ಲಿ ಕನ್ನಡ ಶಿಕ್ಷಕರು ಅರ್ಧ ತಾಸು ಪ್ರತ್ಯೇಕವಾಗಿ ಕುಳಿತು ತಮ್ಮ ಮಕ್ಕಳ ಬರಹವನ್ನು ಒಟ್ಟಿಗೆ ಓದಿದರೂ ಒಂದು ಆರಂಭವಾದೀತು.

ಇನ್ನು ಯುವಕ ಯುವತಿಯರಿಗೆ ದಾರಿಯ ಮಾತು. ಪ್ರಾಥಮಿಕ ಶಿಕ್ಷಕರಾಗಲು ಹನ್ನೆರಡನೆಯ ಇಯತ್ತೆಯ ನಂತರ ಎರಡು ವರ್ಷದ ಡಿ.ಎಲ್.ಎಡ್., ಅನಂತರ ಶಿಕ್ಷಕ ಅರ್ಹತಾ ಪರೀಕ್ಷೆಯಾದ ಟಿಇಟಿ. ಮಹಾರಾಷ್ಟ್ರದ ಈ ಪರೀಕ್ಷೆಯಲ್ಲಿ ಕನ್ನಡವನ್ನೂ ಭಾಷೆಯಾಗಿ ಆಯ್ದುಕೊಳ್ಳಲು ಅವಕಾಶವಿದೆ. ನೇಮಕಾತಿಗೆ ಅಭಿಯೋಗ್ಯತಾ ಪರೀಕ್ಷೆ ಬರೆದು ಪವಿತ್ರ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಪ್ರೌಢಶಾಲೆಗೆ ಪದವಿ ಮತ್ತು ಬಿ.ಎಡ್., ಹನ್ನೊಂದು-ಹನ್ನೆರಡಕ್ಕೆ ಎಂ.ಎ. ಮತ್ತು ಬಿ.ಎಡ್., ಕಾಲೇಜಿಗೆ ಎಂ.ಎ. ಜೊತೆಗೆ ನೆಟ್. ಕನ್ನಡ ಎಂ.ಎ.ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಇದೆ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಇದೆ.

ವರ್ಗದ ಆಚೆಗೂ ಕೆಲಸಗಳಿವೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಭಾಷಾ ಪಠ್ಯಕ್ಕೆ ಸಂಪಾದಕರು ಬೇಕು. ಗಣಿತ, ವಿಜ್ಞಾನ, ಇತಿಹಾಸಗಳ ಪುಸ್ತಕಗಳಿಗೆ ಮರಾಠಿಯಿಂದಲೂ ಇಂಗ್ಲಿಷಿನಿಂದಲೂ ಅನುವಾದಕರು ಬೇಕು. ಎರಡೂ ಭಾಷೆ ಬಲ್ಲ ಗಡಿಯ ಮಗುವಿಗಿಂತ ಈ ಕೆಲಸಕ್ಕೆ ಯೋಗ್ಯರು ಯಾರು? ಪ್ರಶ್ನೆಪತ್ರಿಕೆ ರಚನೆ, ಮೌಲ್ಯಮಾಪನ, ಶಿಕ್ಷಕರ ತರಬೇತಿ, ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನಂಥ ಸಂಸ್ಥೆಗಳಲ್ಲಿ ಭಾಷಾ ಶಿಕ್ಷಣದ ಕೆಲಸ, ಮಕ್ಕಳ ಗ್ರಂಥಾಲಯಗಳ ನಿರ್ವಹಣೆ, ಮಕ್ಕಳ ಪತ್ರಿಕೆಗಳ ಸಂಪಾದನೆ ಇವೆಲ್ಲವೂ ಬರವಣಿಗೆ ಕಲಿಸಿದ ಅನುಭವವನ್ನೇ ಬೇಡುತ್ತವೆ. ಈ ವೃತ್ತಿಯಲ್ಲಿ ಸಿರಿವಂತಿಕೆ ಬರುತ್ತದೆ ಎಂದು ನಾನು ಹೇಳಲಾರೆ. ನೇಮಕಾತಿಗಾಗಿ ವರ್ಷಗಟ್ಟಲೆ ಕಾಯಬೇಕಾಗಬಹುದು ಎಂಬುದನ್ನೂ ಮುಚ್ಚಿಡಲಾರೆ. ಆ ಕಾಯುವ ಅವಧಿಯಲ್ಲಿ ನಿಮ್ಮ ಭಾಷೆಯನ್ನು ಹರಿತಗೊಳಿಸಿಕೊಳ್ಳಿ, ಅನುವಾದ ಮಾಡಿ, ಊರಿನ ಮಕ್ಕಳನ್ನು ಸಂಜೆ ಕೂಡಿಸಿ ಬರೆಯಿಸಿ. ಹುದ್ದೆ ಬಂದ ದಿನ ನೀವು ಹೊಸಬರಾಗಿರುವುದಿಲ್ಲ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕನಿಷ್ಠ ಐದನೆಯ ತರಗತಿಯವರೆಗೆ ಮನೆಯ ಮಾತಿನ ಶಿಕ್ಷಣವನ್ನು ಎತ್ತಿ ಹಿಡಿದಿದೆ. ಅದೇ ವರ್ಷ ಮಹಾರಾಷ್ಟ್ರದ ಕಾಯಿದೆಯು ಎಲ್ಲ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸಿತು. ನಾವು ಬಾಳುವ ರಾಜ್ಯದ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಧಿ, ನೀತಿ, ಕಾಯಿದೆ ಯಾವುದೂ ಖಡು ಹಿಡಿದು ಹಲಗೆಯ ಮುಂದೆ ನಿಲ್ಲುವುದಿಲ್ಲ. ನಿಲ್ಲಬೇಕಾದವರು ಮನುಷ್ಯರು. ನಿವೃತ್ತರಾದ ಕನ್ನಡ ಶಿಕ್ಷಕರ ಜಾಗಕ್ಕೆ ಅರ್ಹತೆ ಪಡೆದ ಕನ್ನಡಿಗರೇ ಇಲ್ಲದಿದ್ದರೆ ಶಾಲೆಯ ಫಲಕ ಕನ್ನಡದಲ್ಲಿರುತ್ತದೆ, ಒಳಗೆ ಬರೆಯಿಸುವವರಿರುವುದಿಲ್ಲ. ಆಗ ಕನ್ನಡವನ್ನು ಮಾತನಾಡಬಲ್ಲ, ಬರೆಯಲಾರದ ಒಂದು ಪೀಳಿಗೆ ಬೆಳೆಯುತ್ತದೆ. ಬರೆಯಲಾರದವರ ದೂರು ಯಾವ ಕಚೇರಿಗೂ ಮುಟ್ಟುವುದಿಲ್ಲ. ನೀರಿನ ಟ್ಯಾಂಕರಿಗಾಗಿ ಮನವಿ ಕೊಡಲಿಕ್ಕೂ ಇನ್ನೊಬ್ಬರ ಕೈ ಕಾಯಬೇಕಾಗುತ್ತದೆ. ಮೊದಲು ಕನ್ನಡದಲ್ಲಿ ವಿಚಾರವನ್ನು ಕ್ರಮವಾಗಿ ಇಡಲು ಕಲಿತ ಮಗು ಅದೇ ಮನವಿಯನ್ನು ಮರಾಠಿಯಲ್ಲಿಯೂ ಬರೆಯಬಲ್ಲದು. ಲಿಪಿ ಬದಲಾದೀತು, ಕ್ರಮವಾಗಿ ಹೇಳುವ ಶಕ್ತಿ ಬದಲಾಗುವುದಿಲ್ಲ.

ಆದುದರಿಂದ ಎರಡನೆಯ ಶತಮಾನಕ್ಕೆ ಕಾಲಿಡುವ ಈ ಸಂದರ್ಭದಲ್ಲಿ ನಾಲ್ಕು ಸೂಚನೆಗಳನ್ನು ತಮ್ಮ ಮುಂದೆ ಇಡುತ್ತೇನೆ. ಮೊದಲನೆಯದು, ಪ್ರತಿ ತಿಂಗಳೂ ಒಂದು ಗೋಡೆಪತ್ರಿಕೆ ಮತ್ತು ವರ್ಷಕ್ಕೊಂದು ಹಸ್ತಲಿಖಿತ. ಅದರಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಇರಲಿ, ಪ್ರತಿ ಮಗುವಿನ ಒಂದು ಬರಹವಾದರೂ ಇರಲಿ. ಎರಡನೆಯದು, ಕಬ್ಬಿನ ಹಂಗಾಮಿಗೆ ತಂದೆತಾಯಿಯರೊಂದಿಗೆ ಹೋಗುವ ಮಕ್ಕಳಿಗೆ ಒಂದು ವಹಿ ಮತ್ತು ವಿಳಾಸ ಬರೆದ ಪೋಸ್ಟ್ ಕಾರ್ಡುಗಳನ್ನು ಕೊಟ್ಟು ಕಳುಹಿಸೋಣ. ಅವು ಅಲ್ಲಿಂದ ಬರೆಯಲಿ, ಇಲ್ಲಿಯ ವರ್ಗ ಉತ್ತರಿಸಲಿ. ಮೂರನೆಯದು, ಸುತ್ತಲಿನ ಕನ್ನಡ ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಸರದಿಯಂತೆ ಒಂದು ಶಾಲೆಯಲ್ಲಿ ಕೂಡಿ ಮಕ್ಕಳ ಬರಹವನ್ನು ಓದುವ ಬೈಠಕ್. ಅಲ್ಲಿ ನಾವೂ ಒಂದು ಪುಟ ಬರೆದು ತರಬೇಕು. ನಾಲ್ಕನೆಯದು ಹಳೆಯ ವಿದ್ಯಾರ್ಥಿಗಳಿಗೆ ವಿನಂತಿ. ಕಟ್ಟಡಕ್ಕೆ ತಾವು ಉದಾರವಾಗಿ ಕೊಟ್ಟಿದ್ದೀರಿ. ಇನ್ನು ಮುಂದೆ ಪ್ರತಿ ವರ್ಷ ಈ ಊರಿನ ಒಬ್ಬ ಹುಡುಗಿ ಅಥವಾ ಹುಡುಗನ ಡಿ.ಎಲ್.ಎಡ್. ಇಲ್ಲವೇ ಬಿ.ಎಡ್. ಶಿಕ್ಷಣದ ವೆಚ್ಚವನ್ನು ವಹಿಸಿಕೊಳ್ಳಿರಿ. ಹತ್ತು ವರ್ಷದಲ್ಲಿ ಹತ್ತು ಜನ ಬರೆಯಿಸುವವರು ಸಿದ್ಧರಾಗುತ್ತಾರೆ. ಅಷ್ಟು ಜನರಿದ್ದರೆ ನಮ್ಮ ಸುತ್ತಿನ ಶಾಲೆಗಳಿಗೆ ಬಲ ಬರುತ್ತದೆ.

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ‘ನಾನು ಬಾಯಿ ಆಗುತ್ತೇನೆ, ಮಾಸ್ತರ ಆಗುತ್ತೇನೆ’ ಎಂದರೆ ಮನೆಯಲ್ಲಿ ‘ಅಷ್ಟೇನಾ?’ ಎನ್ನಬಹುದು. ಅವರಿಗೆ ಈ ಶಾಲೆಯ ನೂರು ವರ್ಷದ ಹಾಜರಿ ಪುಸ್ತಕಗಳನ್ನು ತೋರಿಸಿರಿ. ಅದರಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನು ತಾವೇ ಬರೆಯಲು ಕಲಿತದ್ದು ಒಬ್ಬ ಬಾಯಿಯಿಂದ ಅಥವಾ ಒಬ್ಬ ಮಾಸ್ತರರಿಂದ.